ಹೊಳಿಬಸಪ್ಪನ ಮೂಡಣ ಗೋಡೆ

ಹೊಳಿಬಸಪ್ಪ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾನು ಅವನನ್ನು ಬೈಯಲು ಸಿದ್ಧನಾಗಿ ನಿಂತಿದ್ದೆ. ಸ್ನಾನ ಪೂಜೆ ಮುಗಿಸಿ, ತುಳಸಿಮಾಲೆ ಧರಿಸಿ, ನಾನು ಗುತ್ತಿಗೆ ಹಿಡಿದ ಕಟ್ಟಡದ ಜಾಗಕ್ಕೆ ಬಂದು ನೋಡಿದರೆ ಹೊತ್ತೇರಿದರೂ ಗೋಡೆ ಕಟ್ಟುವ ನನ್ನ ಗೌಂಡಿಯ ಸುಳಿವಿಲ್ಲ. ದಾರಿಯ ಕಡೆ ಮುಖ ಮಾಡಿ ಮಾತುಗಳನ್ನು ಜೋಡಿಸತೊಡಗಿದೆ. ದೇವರು ನನಗೆ ಬೈಯುವ ಕಲೆಯನ್ನು ಸ್ವಲ್ಪ ಧಾರಾಳವಾಗಿಯೇ ಕೊಟ್ಟಿದ್ದಾನೆ. ಆದರೂ ಅಂದಿನದು ನನ್ನ ಆಯುಷ್ಯದಲ್ಲೇ ಉತ್ತಮವಾದ ಬೈಗುಳವಾಗಿತ್ತು ಎಂದು ಹೇಳಬೇಕು. ಅವನ ಹೊಟ್ಟೆ, ಅವನ ಎಮ್ಮೆ, ಅವನ ಮಾವನ ಮನೆತನದ ನಿದ್ದೆ, ಎಲ್ಲವೂ ಅದರಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ಕೂತಿದ್ದವು. ಹೆಂಗಸರ ಮುಂದೆ ಆಡಲಾಗದ ಮಾತು ಒಂದೂ ಇರಲಿಲ್ಲ.

ದಾರಿಯ ತಿರುವಿನಲ್ಲಿ ಅವನು ಕಾಣಲಿಲ್ಲ. ಅವನ ಹೆಂಡತಿ ಸಾವಂತ್ರೆವ್ವ ಕಂಡಳು. ಅವನು ಗಾರೆ ಹಚ್ಚುವ ಕರಣೆ ಅವಳ ಕೈಯಲ್ಲಿತ್ತು.

“ಅಣ್ಣಾ, ನಿಮ್ಮ ಗೌಂಡಿ ಇವತ್ತ ಬರಂಗಿಲ್ರಿ,” ಎಂದಳು.

“ಯಾಕ ಬರಂಗಿಲ್ಲ? ಏನ ಧಾಡಿ ಆಗೇತಿ ಅವಗ?” ಎಂದು ನಾನು ಬೈಗುಳದ ಮೊದಲ ತುದಿಯನ್ನು ಎತ್ತಿಯೇಬಿಟ್ಟೆ.

“ಮುಂಜಾನೆ ಎದ್ದು ಚಾ ಮಾಡಂದ್ರು. ನಾ ಚಾ ತರೂದ್ರಾಗ ಹೋಗಿಬಿಟ್ಟಿದ್ರು. ಚಾ ಹಂಗ ಐತ್ರಿ ಅಣ್ಣಾ.”

ಉಳಿದ ಬೈಗುಳ ನನ್ನ ಬಾಯಲ್ಲೇ ಉಳಿಯಿತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. “ಪಾಂಡುರಂಗಾ” ಎಂದು ಮರಳಿನ ಗುಪ್ಪೆಯ ಮೇಲೆ ಕುಳಿತುಬಿಟ್ಟೆ.

ನಮ್ಮ ಊರಲ್ಲಿ ಗೋಡೆ ಯಾರ ಕೈಯಲ್ಲಿ ಹುಟ್ಟುತ್ತದೆಯೋ ಅವರ ಕೈಯಲ್ಲೇ ಬೆಳೆಯುತ್ತದೆ. ಬೇರೆಯವರು ಅದರ ಮೇಲೆ ಇಟ್ಟಿಗೆ ಇಟ್ಟರೆ ಉಗುಳುತ್ತದೆ. ಕೂಸು ಪರರ ಕೈತುತ್ತನ್ನು ಉಗುಳುವುದಿಲ್ಲವೇ, ಹಾಗೆ. ಇದನ್ನು ಯಾರೂ ವಿಚಿತ್ರವೆಂದು ಎಣಿಸುವುದಿಲ್ಲ. ಆದರೆ ಇದರಿಂದ ಗುತ್ತಿಗೆದಾರನ ಬದುಕು ಎಂಥದಾಗುತ್ತದೆ ಎಂಬುದನ್ನು ಗುತ್ತಿಗೆದಾರನೇ ಬಲ್ಲ. ಗೌಂಡಿ ಮೊದಲ ಇಟ್ಟಿಗೆ ಇಟ್ಟ ಗಳಿಗೆಯಿಂದ ಅವನು ನಮಗೆ ಹೆರಿಗೆಗೆ ಬಂದ ಮಗಳಿದ್ದ ಹಾಗೆ. ಅವನು ಸೀನಿದರೆ ನಮಗೆ ಎದೆ ಹಾರುತ್ತದೆ. ಗೋಡೆ ಮುಗಿಯುವ ತನಕ ಅವನು ಹುಣಸೆಮರ ಹತ್ತಕೂಡದು, ಬಾವಿಗೆ ಹಾರಿ ಈಜಕೂಡದು, ಬೀಗರ ಜಗಳದಲ್ಲಿ ಪಂಚನಾಗಿ ಕೂಡಕೂಡದು ಎಂದು ಕರಾರಿನಲ್ಲೇ ಬರೆಸಿಕೊಳ್ಳುತ್ತೇವೆ. ಗೌಂಡಿಗಳೇನು ಕಡಿಮೆಯವರಲ್ಲ. ಗೋಡೆ ಸೊಂಟದೆತ್ತರ ಬಂತೆಂದರೆ ಅವರಿಗೆ ನೆಗಡಿ ಬರುತ್ತದೆ, ಮತ್ತು ಆ ನೆಗಡಿ ಶಿರಾ ತಿಂದರೆ ಮಾತ್ರ ವಾಸಿಯಾಗುತ್ತದೆ. ಎಣ್ಣೆಯ ಗಾಣದವರ ಮನೆ ಕಟ್ಟುತ್ತಿದ್ದ ಗೌಂಡಿಯೊಬ್ಬ ಶಿರಾಕ್ಕೆ ತುಪ್ಪ ಸಾಲದೆಂದು ಮುನಿಸಿಕೊಂಡು ತಂಗಿಯ ಊರಿಗೆ ಹೋಗಿಬಿಟ್ಟ. ಗಾಣದವರು ಮೊಣಕಾಲೆತ್ತರದ ಗೋಡೆಯ ಮನೆಯಲ್ಲೇ ಸಂಸಾರ ಹೂಡಿದರು. ಅಲ್ಲಿಯೇ ಮಗಳ ಮದುವೆಯನ್ನೂ ಮಾಡಿದರು. ಬೀಗರು ಮರ್ಯಾದಸ್ಥರು. ಒಳಗೆ ಕೂತವರೆಲ್ಲ ಬಯಲಲ್ಲೇ ಕಾಣುತ್ತಿದ್ದರೂ, ಒಂಟಿಯಾಗಿ ನಿಂತ ಬಾಗಿಲ ಚೌಕಟ್ಟಿಗೆ ಬಂದು, ಕದ ತಟ್ಟಿ, “ಯಾರ ಅದೀರ್ರಿ ಒಳಗ?” ಎಂದು ಕೂಗಿ, ತೆರೆಯುವ ತನಕ ಕಾದು ಒಳಬಂದರು.

ಹೊಳಿಬಸಪ್ಪ ನನಗೆ ಇಂಥ ಸಂಕಟವನ್ನು ಎಂದೂ ಕೊಟ್ಟವನಲ್ಲ. ಮೀಸೆ ಕರಿದಾಗಿದ್ದಾಗ ನನ್ನ ಬಳಿ ಬಂದವನು ಮೀಸೆ ಬೆಳ್ಳಗಾದರೂ ನನ್ನ ಬಳಿಯೇ ಇದ್ದ. ಅವನಿಗಿದ್ದ ಕೆಟ್ಟ ಚಾಳಿ ಒಂದೇ, ಗಾರೆಯನ್ನು ದಪ್ಪವಾಗಿ ಹಚ್ಚುತ್ತಿದ್ದ. ನಾನು ಕೆಳಗೆ ನಿಂತು ಬೈಯುತ್ತಿದ್ದೆ. ಅವನು ಮೇಲೆ ನಿಂತು ತಿರುಗಿ ಬೈಯುತ್ತಿದ್ದ. ಹೀಗೆ ಬೆಳಗಿನಿಂದ ಬೈಗಿನವರೆಗೆ ನಡೆದು, ಸಂಜೆ ಇಬ್ಬರೂ ಒಂದೇ ಚರಿಗೆಯ ನೀರಿನಲ್ಲಿ ಕೈಕಾಲು ತೊಳೆದು ಮನೆಗೆ ಹೋಗುತ್ತಿದ್ದೆವು. ಕೆಲಸ ಬಿಟ್ಟ ಮೇಲೆ ನಮ್ಮಲ್ಲಿ ಹೆಚ್ಚು ಮಾತಿರಲಿಲ್ಲ. ಆಡಬೇಕಾದದ್ದೆಲ್ಲ ಹಗಲಿನಲ್ಲೇ ಆಡಿ ಮುಗಿದಿರುತ್ತಿತ್ತು.

ಈಚೆಗೆ ಕಾರ್ಮಿಕರ ಮರ್ಯಾದೆ ಕಾಯಿದೆ ಬಂತು. ಗುತ್ತಿಗೆದಾರ ಕೆಲಸಗಾರನನ್ನು ಬೈಯಕೂಡದು. ಬೈದರೆ ಕೆಲಸಕ್ಕೆ ಬೀಗ. ಒಳ್ಳೆಯ ಕಾಯಿದೆ. ಬಾಯಿ ಹೊಲಸಾದ ಗುತ್ತಿಗೆದಾರರು ನಮ್ಮಲ್ಲಿ ಇದ್ದರು, ಬಡವರು ನೊಂದಿದ್ದರು. ಆ ಕಾಯಿದೆಯನ್ನು ನಡೆಸಲು ಮುದಿಗೌಡರ ಎಂಬ ನಿರೀಕ್ಷಕರು ಬಂದರು. ನಮ್ಮ ಕಟ್ಟಡದ ಮುಂದೆ ಸೈಕಲ್ ನಿಲ್ಲಿಸಿ ಕಿವಿ ಕೊಟ್ಟರೆ ಅವರಿಗೆ ಆ ದಿನದ ಮಟ್ಟಿಗೆ ಬೇರೆಲ್ಲೂ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ.

“ಹೊಳಿಬಸಪ್ಪ, ಇವರು ನಿನಗ ಬೈದ್ರೋ ಇಲ್ಲೋ? ಖರೇ ಹೇಳು,” ಎಂದು ಒಮ್ಮೆ ಕೇಳಿದರು.

“ನನಗೆಲ್ಲಿ ಬೈದ್ರು ಸಾಹೇಬ್ರ? ಇಟ್ಟಂಗಿಗೆ ಬೈದ್ರು.”

“‘ಏ ಹೊಳಿಬಸ್ಯಾ’ ಅಂದದ್ದು ನಾ ಕೇಳೀನಿ. ಇಟ್ಟಂಗಿಗೆ ಹೆಸರಿರ್ತದೇನು?”

“ಪ್ರೀತಿಗೆ ನನ್ನ ಹೆಸರ ಇಟ್ಟೀನ್ರಿ.”

ಮುದಿಗೌಡರ ಅವರು ಹಲ್ಲು ಕಡಿದುಕೊಂಡು ಸೈಕಲ್ ಹತ್ತಿದರು. ಹೊಳಿಬಸಪ್ಪ ಮೇಲಿನಿಂದ, “ನಿನ್ನ ಸಲುವಾಗಿ ಸುಳ್ಳ ಹೇಳಿ ನನ್ನ ನಾಲಿಗಿ ಬಾತೈತಿ ಮುದುಕಾ, ನಾಳೆ ಎರಡ ಹೋಳಿಗಿ ತಗೊಂಡ ಬಾ,” ಎಂದ. ನಾನು ತಂದುಕೊಟ್ಟೆ, ಬೈಯುತ್ತಲೇ ಕೊಟ್ಟೆ.

ಅವನು ತೀರಿಕೊಂಡಾಗ ನಾವು ಕಟ್ಟುತ್ತಿದ್ದದ್ದು ಊರಿನ ನ್ಯಾಯಾಲಯವನ್ನು. ಅದಕ್ಕೆ ಮುಂಚೆ ನ್ಯಾಯಾಲಯ ಹಿಟ್ಟಿನ ಗಿರಣಿಯಲ್ಲಿ ನಡೆಯುತ್ತಿತ್ತು. ನ್ಯಾಯಾಧೀಶರಾದ ಅಂಬಾಬಾಯಿಯವರು ತೀರ್ಪು ಓದುವ ಹೊತ್ತಿಗೆ ಅಡಿಯಿಂದ ಮುಡಿಯವರೆಗೆ ಜೋಳದ ಹಿಟ್ಟಾಗಿ ದೇವತೆಯಂತೆ ಕಾಣುತ್ತಿದ್ದರು. ಅವರು ಬೇಸತ್ತು, ಮೂರು ಗೋಡೆ ಎದ್ದೊಡನೆ ಹೊಸ ಕಟ್ಟಡಕ್ಕೇ ಬಂದುಬಿಟ್ಟರು. ಅವರ ಪೀಠದ ಹಿಂದಿನ ಮೂಡಣ ಗೋಡೆ ಎದೆಯೆತ್ತರ ಬಂದಿತ್ತು, ಅಷ್ಟರಲ್ಲಿ ಹೀಗಾಯಿತು. ಮಣ್ಣು ಕೊಟ್ಟು, ಮಾಡಬೇಕಾದ ಕಾರ್ಯಗಳೆಲ್ಲ ಮುಗಿದ ಮೇಲೆ ಅವರು ನನ್ನನ್ನು ಕರೆಸಿದರು. ಹಿಂದಿನಿಂದ ಬಿಸಿಲು ಹೊಡೆಯುತ್ತಿತ್ತು. ಛತ್ರಿ ಹಿಡಿದು ಕೂತಿದ್ದರು.

“ವೆಂಕೋಬಣ್ಣ, ನನಗೂ ಸಂಕಟ ಆಗ್ಯದ,” ಎಂದರು. “ಆದ್ರ ಕಾಯಿದೆ ನಿಮಗ ಗೊತ್ತದ. ಅನಾಥ ಗ್ವಾಡಿ ನಿಂದ್ರಂಗಿಲ್ಲ. ಒಂದ ದಿನ ತಾನ ಮಕಾಡೆ ಬೀಳ್ತದ. ದೀಪಾವಳಿ ಒಳಗ ಅದು ಇನ್ನೊಬ್ಬರ ಕೈ ಹಿಡೀಲಿಲ್ಲಂದ್ರ ಕೆಡವಿಸಬೇಕಾಗ್ತದ. ಬೀಳೂದಿದ್ರ ಮೊದಲ ನನ್ನ ತಲೀ ಮ್ಯಾಲೇ ಬೀಳ್ತದಲ್ಲ?”

ಗೋಡೆ ಬೇರೆಯವರ ಕೈ ಹಿಡಿಯುವುದು ಇಲ್ಲವೇ ಇಲ್ಲವೆಂದಲ್ಲ. ಆದರೆ ತೀರ ಅಪರೂಪ. ತಲೆಬಾಗಿ ಹೊರಬಂದೆ.

ಅಂದು ಸಂಜೆ ನ್ಯಾಯಾಲಯ ಮುಗಿದು ಎಲ್ಲರೂ ಹೋದ ಮೇಲೆ ಇಟ್ಟಿಗೆಗಳ ಮೇಲೆ ಗೋಣಿ ಹೊದಿಸಲೆಂದು ತಿರುಗಿ ಬಂದೆ. ಸಾವಂತ್ರೆವ್ವ ಮೂಡಣ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು.

“ಮನ್ಯಾಗ ಹಿಂಗ ಕೂಡ್ತಿದ್ವಿ ಅಣ್ಣಾ, ಬೆನ್ನಿಗೆ ಬೆನ್ನು ಕೊಟ್ಟು. ನಾ ಅವರೀಕಾಯಿ ಬಿಡಸೂದು, ಅವರು ನಿಮ್ಮ ಸುದ್ದಿ ಹೇಳೂದು. ಈಗ ಮನ್ಯಾಗ ಬೆನ್ನ ಹಿಂದ ಬಯಲ ಬಯಲ ಅನಸ್ತೈತಿ. ಇಲ್ಲಿ ಕುಂತ್ರ ಆಸರ ಸಿಗತೈತಿ.” ಇನ್ನೊಂದು ಕಾಯಿ ಬಿಡಿಸಿ, “ಇದನ್ನ ಕೆಡವತಾರಂತ, ಹೌದೇನ್ರಿ?” ಎಂದಳು.

“ಕೆಡವಾಕ ನಾ ಬಿಡಂಗಿಲ್ಲವಾ,” ಎಂದೆ. ಹೇಗೆ ಬಿಡುವುದಿಲ್ಲವೆಂಬುದು ನನಗೇ ತಿಳಿದಿರಲಿಲ್ಲ. ಮಾತು ಕೊಡುವುದು ಸುಲಭ. ಕೊಟ್ಟ ಮೇಲೆ ದೇವರ ಕಾಲಿಗೆ ಬೀಳುವುದೂ ಸುಲಭ. ನಾನು ಎರಡನ್ನೂ ಮಾಡಿದೆ.

ಸೂತಕದ ಗೋಡೆಗೆ ಹೊಸ ಗೌಂಡಿಯನ್ನು ತೋರಿಸುವುದಕ್ಕೆ ನಮ್ಮಲ್ಲಿ ಶಾಸ್ತ್ರವಿದೆ. ಗೌಂಡಿ ಎಣ್ಣೆ ಹಚ್ಚಿ ಮಿಂದು, ಮಡಿಯುಟ್ಟು, ಎಲೆ ಅಡಿಕೆ ಹಣ್ಣಿನೊಡನೆ ಬರಬೇಕು. ಗೋಡೆಯ ಮುಂದೆ ಯಾರೂ ದನಿಯೆತ್ತಕೂಡದು. ಸತ್ತವನ ಹೆಸರು ಹಿಡಿಯಕೂಡದು. ಪಿಸುಮಾತಿನಲ್ಲಿ ಗೋಡೆಯ ಗುಣಗಾನ ಮಾಡಿ, ಮೆಲ್ಲನೆ ಒಂದು ಇಟ್ಟಿಗೆ ಇಟ್ಟು, ಎಲ್ಲರೂ ಕೈಮುಗಿದು ನಿಲ್ಲಬೇಕು. ನಾನು ಶಾಸ್ತ್ರ ಬಿಡುವವನಲ್ಲ. ಊರಿನ ಒಳ್ಳೊಳ್ಳೆಯ ಗೌಂಡಿಗಳನ್ನು ಒಬ್ಬೊಬ್ಬರನ್ನಾಗಿ ಕರೆತಂದೆ. ಮೊದಲು ಬಂದವನು, “ತಾಯೀ, ನಿನ್ನಂಥಾ ಗ್ವಾಡಿನ ನಾ ಎಲ್ಲೂ ಕಂಡಿಲ್ಲವಾ,” ಎಂದು ಗಲ್ಲ ಬಡಿದುಕೊಂಡು ಇಟ್ಟಿಗೆ ಇಟ್ಟ. ಗೋಡೆ ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ನೋಡಿದ ಹಾಗೆ ಮಾಡಿ, ಥೂ ಎಂದು ಅವನ ಕಾಲ ಬಳಿಗೆ ಉಗುಳಿತು. ಎರಡನೆಯವನು ಇನ್ನೂ ಮೃದುವಾಗಿ ಮಾತಾಡಿದ. ಅವನ ಇಟ್ಟಿಗೆ ಹಣ್ಣಿನ ತಟ್ಟೆಯಲ್ಲಿ ಬಿತ್ತು. ಮುಂದೆ ಬಂದವನು ಲಾಲಿ ಹಾಡಿದ. ಅವನ ಇಟ್ಟಿಗೆ ನ್ಯಾಯಾಲಯದ ಅಂಗಳ ದಾಟಿ ಮುದಿಗೌಡರ ಸೈಕಲ್ಲಿನ ಗಂಟೆಗೆ ಬಡಿಯಿತು. ಗಂಟೆ ಟ್ರಿಣ್ ಎಂದಿತು.

ಆಗ ಮುದಿಗೌಡರ ಅವರು ಕಾಯಿದೆಯ ಪುಸ್ತಕ ತೆಗೆದರು. ಇಟ್ಟಿಗೆ ಹಾರುವ ಸ್ಥಳದಲ್ಲಿ ನಿಂತವರೆಲ್ಲ ತಲೆಗೆ ಲೋಹದ ರಕ್ಷೆ ಧರಿಸಲೇಬೇಕು. ಅಂಥ ಟೋಪಿ ನಮ್ಮ ಊರ ಪೇಟೆಯಲ್ಲಿ ಸಿಗುವುದಿಲ್ಲ. ಜನ ಮನೆಯಿಂದ ಪಾತ್ರೆ ತಂದರು. ಗೌಂಡಿಗಳು ಹಿತ್ತಾಳೆಯ ಬೋಗುಣಿ ಹಾಕಿಕೊಂಡರು, ಕಕ್ಷಿದಾರರು ಚರಿಗೆ ಬೋರಲು ಹಾಕಿಕೊಂಡರು. ಅಂಬಾಬಾಯಿಯವರು ಕಡಲೆ ಹುರಿಯುವ ಕಬ್ಬಿಣದ ಬಾಣಲೆಯನ್ನು ತಲೆಗೆ ಹೊದ್ದ ಸೆರಗಿನ ಮೇಲೆ ಇಟ್ಟುಕೊಂಡು ವಿಚಾರಣೆ ನಡೆಸಿದರು. ಬಾಣಲೆಗೆ ಎರಡು ಹಿಡಿಗಳಿದ್ದದ್ದರಿಂದ ಕಿವಿಗೆ ಲೋಲಾಕು ಹಾಕಿದ ಹಾಗೆ ಕಾಣುತ್ತಿತ್ತು. ನನ್ನ ಪಾಲಿಗೆ ದೇವರ ಅಭಿಷೇಕದ ತಂಬಿಗೆ ಬಂತು. ಪಾಂಡುರಂಗ ಕ್ಷಮಿಸಬೇಕು.

ಕಡೆಗೆ ಉಳಿದವನು ತವನಪ್ಪ ಒಬ್ಬನೇ. ಪರವೂರಿನಿಂದ ಬಂದು ನಮ್ಮಲ್ಲಿ ನೆಲೆಸಿದವನು. ಒಳ್ಳೆಯ ಕೆಲಸಗಾರ, ಆದರೆ ಅಂಜುಬುರುಕ. ಅವನಿಗೊಂದು ಉಪಾಯ ಹೊಳೆಯಿತು. ಸಾವಂತ್ರೆವ್ವನಿಂದ ಹೊಳಿಬಸಪ್ಪನ ಅಂಗಿ ಕೇಳಿ ತಂದು ತೊಟ್ಟುಕೊಂಡ. ಹೊಟ್ಟೆ ಸಾಲದೆಂದು ಒಳಗೆ ತಲೆದಿಂಬು ಕಟ್ಟಿದ. ಹೊಳಿಬಸಪ್ಪ ಮೆಲ್ಲುತ್ತಿದ್ದ ತಂಬಾಕನ್ನೇ ಬಾಯಿಗೆ ಹಾಕಿದ, ರೂಢಿಯಿಲ್ಲದೆ ಅವನಿಗೆ ತಲೆ ತಿರುಗಿತು. ಹೀಗೆ ತೇಲುಗಣ್ಣು ಮಾಡಿಕೊಂಡು, ದಿಂಬನ್ನು ಮುಂದೂಡಿಕೊಂಡು, ಗೋಡೆಯ ಹತ್ತಿರ ಹೋಗಿ ಇಟ್ಟಿಗೆ ಇಟ್ಟ. ಗೋಡೆ ಈ ಸಾರಿ ಉಗುಳಲಿಲ್ಲ, ಎಸೆಯಿತು. ಇಟ್ಟಿಗೆ ಬಂದು ದಿಂಬಿಗೆ ಬಡಿದು ಹತ್ತಿ ಹಾರಿ ಇಡೀ ನ್ಯಾಯಾಲಯ ಮತ್ತೆ ಹಿಟ್ಟಿನ ಗಿರಣಿಯಂತಾಯಿತು.

“ಗ್ವಾಡಿಗೆ ಅವಮಾನ ಮಾಡಿದ್ಯೋ ತಮ್ಮಾ,” ಎಂದರು ಅಂಬಾಬಾಯಿ, ಬಾಯಿಂದ ಹತ್ತಿ ತೆಗೆಯುತ್ತ.

ದೀಪಾವಳಿಯ ಹಿಂದಿನ ದಿನ ಬಂತು. ಕೆಡವುವ ಆಳುಗಳು ಹಾರೆ ಹಿಡಿದು ಹೊರಗೆ ಸಾಲಾಗಿ ಕೂತರು. ಸಾವಂತ್ರೆವ್ವ ಬಂದು ಗೋಡೆಯ ಬುಡದಲ್ಲಿ ಹಣತೆ ಹಚ್ಚಿ, ಮೂಲೆಯಲ್ಲಿ ನಿಂತಳು. ಅವಳ ತಲೆಯ ಮೇಲೆ ಹೊಳಿಬಸಪ್ಪನ ಊಟದ ಬುತ್ತಿ ಡಬ್ಬಿಯಿತ್ತು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಕೊಟ್ಟ ಮಾತು ನೆನಪಿತ್ತು.

“ಕಡೀಗೆ ಒಂದ ಸಲ ನೋಡ್ತೀನ್ರಿ,” ಎಂದ ತವನಪ್ಪ. ಈ ಸಲ ಅವನು ತನ್ನ ಅಂಗಿಯನ್ನೇ ತೊಟ್ಟಿದ್ದ.

ನಾನು ಕಣ್ಣು ಮುಚ್ಚಿ ಜಪಕ್ಕೆ ಕೂತೆ. ಕರಣೆ ಗಾರೆಯಲ್ಲಿ ಇಳಿಯುವ ಸಪ್ಪಳ ಕೇಳಿಸಿತು. ಆ ಸಪ್ಪಳ ಎಷ್ಟು ಹೊತ್ತಾದರೂ ಮುಗಿಯಲೊಲ್ಲದು. ಕಣ್ಣು ತೆರೆದೆ. ತವನಪ್ಪ ಅಂಜಿಕೆಯಲ್ಲಿ ಗೋಡೆಯ ಮೇಲೆ ಗಾರೆ ಸುರಿಯುತ್ತಲೇ ಇದ್ದ. ಮೂರು ಇಟ್ಟಿಗೆಗೆ ಸಾಲುವಷ್ಟನ್ನು ಒಂದಕ್ಕೇ ಹಚ್ಚಿ, ಅದರ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಕೂಡಿಸಿದ. ಗಾರೆ ಎರಡೂ ಕಡೆಯಿಂದ ಸೋರಿತು. ಇಷ್ಟು ವರ್ಷ ನಾನು ನೋಡಿದ್ದ ಗಾರೆ ಅದೇ, ಹಾಗೆಯೇ ಸೋರುತ್ತಿದ್ದ ಗಾರೆ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

“ಏ ಹೊಳಿಬಸ್ಯಾ!” ಎಂದು ಕೂಗಿದೆ. “ಗಾರಿ ಹಚ್ಚಾಕಹತ್ತೀಯೋ, ಹೋಳಿಗಿಗೆ ತುಪ್ಪ ಸುರವಾಕಹತ್ತೀಯೋ? ಗ್ವಾಡಿ ಕಟ್ಟಂದ್ರ ಕಟ್ಟತಾನೋ, ಉಣ್ಣಾಕ ನೀಡತಾನೋ, ಹೊಟ್ಟಿಬಾಕಾ!”

ನನ್ನ ದನಿ ತಂಬಿಗೆಯೊಳಗೆ ಗಣಗಣಿಸಿ ನನ್ನ ಕಿವಿಗೇ ಬಡಿಯಿತು. ಸತ್ತವನ ಹೆಸರು ಹಿಡಿದಿದ್ದೆ, ಅದೂ ಸೂತಕದ ಗೋಡೆಯ ಮುಂದೆ, ಅದೂ ಜಪದ ನಡುವೆ. ನಾಚಿಕೆಯಿಂದ ನೆಲ ನೋಡುತ್ತ ಇಟ್ಟಿಗೆ ಹಾರುವ ಸಪ್ಪಳಕ್ಕೆ ಕಾದೆ.

ಸಪ್ಪಳ ಬರಲಿಲ್ಲ. ಇಟ್ಟಿಗೆ ಕೂತಲ್ಲೇ ಕೂತಿತ್ತು. ತವನಪ್ಪ ಬೆರಳಿನಿಂದ ಮುಟ್ಟಿ ನೋಡಿದ, ಅಲುಗಿಸಿ ನೋಡಿದ. ತಾಯಿಯ ಸೊಂಟಕ್ಕೆ ಕೂಸು ಕಚ್ಚಿಕೊಂಡ ಹಾಗೆ ಅದು ಕಚ್ಚಿಕೊಂಡಿತ್ತು.

“ಬೈದ್ರಿ!” ಎಂದು ಮುದಿಗೌಡರ ಎದ್ದು ನಿಂತರು. ಅವರ ತಲೆಯ ಮೇಲಿದ್ದ, ಹಿಟ್ಟು ನಾದುವ ಪರಾತ ನೆಲಕ್ಕೆ ಬಿದ್ದು ಗಿರಕಿ ಹೊಡೆಯಿತು. “ನಾ ಕಿವಿಯಾರೆ ಕೇಳೀನಿ! ಮರ್ಯಾದಿ ಕಾಯಿದೆ ಮುರದ್ರಿ! ಕೆಲಸಕ್ಕ ಬೀಗ ಹಾಕ್ರಿ!”

“ಪರಾತ ಮೊದಲ ಹಾಕ್ಕೋರಿ,” ಎಂದರು ಅಂಬಾಬಾಯಿ. “ತವನಪ್ಪ, ಇನ್ನೊಂದ ಇಟ್ಟಂಗಿ ಇಡು. ಯಾರೂ ಮಾತಾಡಬ್ಯಾಡ್ರಿ.”

ತವನಪ್ಪ ಇಟ್ಟ. ಗೋಡೆ ಉಗುಳಿತು.

“ಮತ್ತೊಂದ ಇಡು. ವೆಂಕೋಬಣ್ಣ, ನೀವು ಬೈರಿ.”

“ಬೈಯೂ ಮನಸಿಲ್ರಿ ತಾಯೀ,” ಎಂದೆ. ಅಷ್ಟರಲ್ಲಿ ತವನಪ್ಪ ಮತ್ತೆ ಬುಟ್ಟಿಗಟ್ಟಲೆ ಗಾರೆ ಸುರಿದಿದ್ದ. “ಅಲ್ಲೋ ಹೊಳಿಬಸ್ಯಾ, ಇದೇನ ಗ್ವಾಡಿ ಕಟ್ಟತೀಯೋ, ನಿನ್ನ ಎಮ್ಮಿಗೆ ಕೆಸರಿನ ಹೊಂಡಾ ತೋಡತೀಯೋ?” ಎಂದುಬಿಟ್ಟೆ. ಇಟ್ಟಿಗೆ ಗಟ್ಟಿಯಾಗಿ ಕೂತಿತು.

ಎಲ್ಲರಿಗೂ ತಿಳಿಯಿತು. ನಾವು ಗೋಡೆಗೆ ಹಸ್ತ ಹುಡುಕುತ್ತಿದ್ದೆವು. ಅದು ಕಿವಿಗೊಟ್ಟು ಕೂತಿತ್ತು. ಬುಡದಿಂದ ಎದೆಯೆತ್ತರದವರೆಗೆ ನಮ್ಮ ಜಗಳ ಕೇಳುತ್ತ ಬೆಳೆದದ್ದು ಅದು. ನಾವು ಅದರ ಮುಂದೆ ಪಿಸುಗುಟ್ಟಿ, ಲಾಲಿ ಹಾಡಿ, ಅದನ್ನು ಇನ್ನಷ್ಟು ಅನಾಥ ಮಾಡಿದ್ದೆವು.

ಆದರೆ ಮುದಿಗೌಡರ ಅವರು ಕಾಯಿದೆಯ ಮನುಷ್ಯ. ಪರಾತವನ್ನು ತಲೆಗೆ ಒತ್ತಿಕೊಂಡು ವಾದಕ್ಕೆ ನಿಂತರು. “ಗ್ವಾಡಿ ಏನರ ಕೇಳಲಿ, ಕೆಲಸಗಾರಗ ಬೈಯಂಗಿಲ್ರಿ.”

“ತವನಪ್ಪ, ನಿನಗ ಬೈದ್ರೇನು?” ಎಂದು ಅಂಬಾಬಾಯಿ ಕೇಳಿದರು.

“ನನಗಲ್ರಿ. ನಂದು ಎಮ್ಮಿನೂ ಇಲ್ಲ, ಹೊಟ್ಟಿನೂ ಇಲ್ಲ. ದಿಂಬಿತ್ತು, ಅದೂ ಹರೀತು.”

“ಹಂಗಾರ ಬೈಸಿಕೊಂಡಾವ ಹೊಳಿಬಸಪ್ಪ. ಮುದಿಗೌಡರ, ನಿಮ್ಮ ಕಾಯಿದೆ ಪ್ರಕಾರ ಕೆಲಸಗಾರ ಅಂದ್ರ ಯಾರು?”

“ಮುಂಜಾನೆ ಕೆಲಸಕ್ಕ ಬಂದು ಸಂಜಿಗೆ ಮನೀಗೆ ಹೋಗಾವ್ರಿ.”

“ಅಂವ ಮುಂಜಾನೆ ಬರ್ತಾನೇನು?”

ಮುದಿಗೌಡರ ಅವರು ತಲೆ ತಗ್ಗಿಸಿದರು. “ಇಲ್ರಿ.” ಆಮೇಲೆ ಸಣ್ಣ ದನಿಯಲ್ಲಿ, “ಬಂದಿದ್ರ ಛಲೋ ಇತ್ರಿ. ನನ್ನ ಮಸ್ತ ಕಾಡತಿದ್ದ,” ಎಂದರು. ಮತ್ತೆ ಎದೆ ಸೆಟೆಸಿ, “ಆದ್ರ ಸತ್ತವರಿಗೆ ಬೈಯೂದು ಪಾಪ,” ಎಂದು ಸೇರಿಸಿದರು.

“ಪಾಪದ ಖಟ್ಲೆ ಇಲ್ಲಿ ನಡಿಯಂಗಿಲ್ಲ, ಅದಕ್ಕ ಮ್ಯಾಲ ಬ್ಯಾರೆ ಕೋರ್ಟ್ ಅದ,” ಎಂದು ಅಂಬಾಬಾಯಿ ಬಾಣಲೆಯ ಮೇಲಕ್ಕೆ ಬೆರಳು ತೋರಿಸಿದರು. “ಆದ್ರ ಬೈಸಿಕೊಂಡವನ ಮನೀಯವರಿಗೆ ತಕರಾರು ಇದ್ರ ಕೇಳಬೇಕಾಗ್ತದ. ಸಾವಂತ್ರೆವ್ವಾ, ನಿನ್ನ ಗಂಡಗ ಹಿಂಗ ಸತ್ತ ಮ್ಯಾಲೂ ಬೈತಾರ. ನಿಂದು ತಕರಾರು ಅದ ಏನು?”

ಎಲ್ಲರೂ ಮೂಲೆಯ ಕಡೆ ತಿರುಗಿದರು. ಸಾವಂತ್ರೆವ್ವ ಗೋಡೆಯ ಬುಡಕ್ಕೆ ಬಂದು ಹಣತೆಯ ಬತ್ತಿಯನ್ನು ಮುಂದೆ ಮಾಡಿದಳು. ಹೊರಗೆ ಆಳುಗಳು ಹಾರೆ ಎತ್ತಿಕೊಳ್ಳುವ ಸಪ್ಪಳವಾಯಿತು.

“ಐತ್ರಿ,” ಎಂದಳು.

ನಾನು ತಲೆಯ ಮೇಲಿನ ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

“ಒಬ್ಬರ ಬೈಕೋತ ಹೋದ್ರ ಅದು ಅನ್ಯಾಯ ಅಲ್ಲೇನ್ರಿ? ಅವರಿದ್ದಿದ್ರ ಬಾಯಿ ಮುಚ್ಚಿ ಕೇಳ್ಕೊಂಡ ನಿಂದರತಿದ್ರೇನು? ದಿನಾ ಸಂಜೀಕ ಬಂದು, ಮುದುಕ ಇದನ್ನ ಅಂದ, ನಾ ಇದನ್ನ ಅಂದ್ಯಾ ಅಂತ ಎಲ್ಲಾ ನನಗ ಹೇಳತಿದ್ರು. ನನಗ ಎಲ್ಲಾ ಬಾಯಿಪಾಠ ಐತಿ. ತಿರುಗಿ ಬೈಯೂ ಹಕ್ಕ ನನಗ ಕೊಡ್ರಿ.”

“ಕೊಟ್ಟೆ!” ಎಂದು ಅಂಬಾಬಾಯಿ ಸುತ್ತಿಗೆ ಹುಡುಕಿದರು. ಅದು ಸಿಗದೆ ಬಾಣಲೆಯನ್ನೇ ತೆಗೆದು ಮೇಜಿಗೆ ಬಡಿದರು.

ಆಮೇಲೆ ಕೆಲಸ ಹೇಗೆ ನಡೆಯಿತೆಂದು ಹೇಳಿದರೆ ನೋಡದವರು ನಂಬಲಾರರು. ನಾನು ಕೆಳಗೆ ನಿಂತೆ, ನನ್ನ ಹಳೆಯ ಜಾಗದಲ್ಲಿ. ಸಾವಂತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುತ್ತಿ ಡಬ್ಬಿಯನ್ನು ಭದ್ರಮಾಡಿಕೊಂಡು, ಅಟ್ಟಣಿಗೆ ಹತ್ತಿ ತವನಪ್ಪನ ಪಕ್ಕ ನಿಂತಳು.

“ಗ್ವಾಡಿ ನೋಡ್ರಿ ಗ್ವಾಡಿ! ಹೊಳಿಬಸ್ಯಾನ ಎಮ್ಮಿ ಸಂತಿಗೆ ಹೊಂಟಂಗ ವಾರಿ ಹೊಂಟೈತಿ!” ಎಂದೆ.

“ಗ್ವಾಡಿ ನೆಟ್ಟಗೈತಿ ಮುದುಕಾ, ನಿನ್ನ ಕುತಿಗಿ ವಾರಿ ಐತಿ. ಜಪಾ ಮಾಡಿ ಮಾಡಿ ಒಂದ ಕಡೆ ಜೋತೈತಿ!” ಎಂದಳು. ಅದು ಅವನ ಮಾತೇ. ಅವನು ದನಿ ಎಳೆಯುತ್ತಿದ್ದಲ್ಲೇ ಎಳೆದಳು.

“ಗಾರಿ ಅಂದ್ರ ತುಪ್ಪ ಅಂತ ತಿಳದೀಯೇನೋ?”

“ತುಪ್ಪ ಕಂಡಾವ ಮಾತಾಡಬೇಕು! ನಿಮ್ಮ ಮನ್ಯಾಗ ತುಪ್ಪದ ಗಡಿಗೀನ ದೇವರ ಹಿಂದ ಮುಚ್ಚಿಟ್ಟು, ‘ನೈವೇದ್ಯದ್ದು, ಮುಟ್ಟಬ್ಯಾಡ್ರಿ’ ಅಂತೀಯಂತ. ಪಾಂಡುರಂಗಗ ಗೊತ್ತೈತಿ ಯಾರ ಮುಟ್ಟತಾರಂತ!”

ಜನ ಬಿದ್ದು ಬಿದ್ದು ನಕ್ಕರು. ಪಾತ್ರೆಗಳು ಒಂದಕ್ಕೊಂದು ತಾಗಿ ಜಾಗಟೆಯಂತೆ ಬಾರಿಸಿದವು. ಈ ತುಪ್ಪದ ಗುಟ್ಟನ್ನು ನಾನು ಹೊಳಿಬಸಪ್ಪನ ಹೊರತು ಬೇರೆ ಯಾರಿಗೂ ಹೇಳಿರಲಿಲ್ಲ. ತವನಪ್ಪ ನಡುವೆ ನಿಂತು ಇಟ್ಟಿಗೆ ಇಟ್ಟಿದ್ದೇ ಇಟ್ಟಿದ್ದು. ಬೈಗುಳ ಎರಡೂ ಕಡೆಯಿಂದ ಅವನ ತಲೆಯ ಮೇಲಿಂದ ಹಾದುಹೋಗುತ್ತಿತ್ತು, ಒಂದೂ ಅವನಿಗೆ ತಾಗಲಿಲ್ಲ. ಮುದಿಗೌಡರ ಅವರು ಹತ್ತಿರವೇ ಕೂತು, ತವನಪ್ಪನ ಹೆಸರು ಎಲ್ಲಿಯಾದರೂ ನುಸುಳುತ್ತದೆಯೋ ಎಂದು ಕಿವಿ ನೆಟ್ಟಿದ್ದರು. ಒಂದೆರಡು ಸಲ ನಾನು ಬೈಗುಳಕ್ಕೆ ತಡಕಾಡಿದಾಗ ಅವರೇ ಮೆಲ್ಲನೆ, “ಅಂವನ ಮಾವನ ಸುದ್ದಿ ತಗೀರಿ, ಅದು ಇನ್ನೂ ಬಂದಿಲ್ಲ,” ಎಂದು ನೆನಪು ಮಾಡಿದರು. ಕೆಡವಲು ಬಂದ ಆಳುಗಳು ಹಾರೆ ಬಿಟ್ಟು ಗಾರೆ ಕಲಸಿದರು.

ಆದರೆ ಮಾವನ ಸುದ್ದಿಯನ್ನು ನಾನು ತೆಗೆಯಲಿಲ್ಲ. ಅದು ಅವನು ತೀರಿಕೊಂಡ ಬೆಳಿಗ್ಗೆ ನನ್ನ ಬಾಯಲ್ಲೇ ಉಳಿದ ಬೈಗುಳಕ್ಕೆ ಸೇರಿದ್ದು.

ಸಂಜೆ ಬಿಸಿಲು ಕೆಂಪಾಗುವ ಹೊತ್ತಿಗೆ ಗೋಡೆ ತನ್ನ ಎತ್ತರ ಮುಟ್ಟಿತು. ಒಂದು ಇಟ್ಟಿಗೆಯ ಜಾಗ ಮಾತ್ರ ಉಳಿಯಿತು. ತವನಪ್ಪ ಗಾರೆ ಹಚ್ಚಿ ಇಟ್ಟಿಗೆ ಹಿಡಿದು ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯಲಿಲ್ಲ. ಅದನ್ನು ಇಟ್ಟ ಮೇಲೆ ಹೊಳಿಬಸಪ್ಪನನ್ನು ಬೈಯುವುದಕ್ಕೆ ನನಗೆ ಈ ಲೋಕದಲ್ಲಿ ಕಾರಣವೇ ಇರುವುದಿಲ್ಲವೆಂದು ಹೊಳೆದಿತ್ತು.

“ಅಣ್ಣಾ,” ಎಂದಳು ಸಾವಂತ್ರೆವ್ವ ಮೇಲಿನಿಂದ. “ಗಾರಿ ಒಣಗತೈತಿ. ಹೇಳಿಬಿಡ್ರಿ.”

ತಲೆಯ ಮೇಲಿನ ತಂಬಿಗೆ ತೆಗೆದು ಕೆಳಗಿಟ್ಟೆ. ದಾರಿಯ ತಿರುವಿನ ಕಡೆ ಮುಖ ಮಾಡಿದೆ.

“ಏ ಹೊಳಿಬಸ್ಯಾ! ಹೊತ್ತೇರಿದ ಮ್ಯಾಲೂ ಬರಾಕ ತಯಾರಿಲ್ಲಲ್ಲೋ. ಹೊಟ್ಟಿ ಮುಂದ ಹೋಗಲಿ, ನಾ ಹಿಂದಿಂದ ಬರ್ತೀನಂತ ಕುಂತೀಯೇನು? ನಿನ್ನ ಎಮ್ಮಿ ಸೈತ ಎದ್ದು ಹಾಲು ಕೊಟ್ಟು ಮತ್ತ ಮಲಗೇತಿ. ನಿಮ್ಮ ಮಾವ ತನ್ನ ಮನೆತನದ ನಿದ್ದಿ ಎಲ್ಲಾ ನಿನಗ ಬಳುವಳಿ ಕೊಟ್ಟಾನೇನು? ಇಲ್ಲಿ ಗಾರಿ ಕಾಯತೈತಿ, ಗ್ವಾಡಿ ಕಾಯತೈತಿ, ನಾ ಕಾಯಾಕಹತ್ತೀನಿ. ಬಾರೋ. ಲಗೂನ ಬಾರೋ.”

‘ಬಾರೋ’ ಎಂಬ ಮಾತು ಅಂದು ಜೋಡಿಸಿದ್ದರಲ್ಲಿ ಇರಲಿಲ್ಲ. ತಾನಾಗಿ ಬಂತು.

ಯಾರೂ ನಗಲಿಲ್ಲ. ಎಲ್ಲರೂ ಅಟ್ಟಣಿಗೆಯ ಕಡೆ ನೋಡಿದರು. ಈ ಬೈಗುಳಕ್ಕೆ ಸಾವಂತ್ರೆವ್ವನ ಬಳಿ ಉತ್ತರವಿರಲು ಸಾಧ್ಯವಿರಲಿಲ್ಲ. ಹೊಳಿಬಸಪ್ಪ ಇದನ್ನು ಕೇಳಿರಲೇ ಇಲ್ಲವಲ್ಲ. ಅವಳು ಗೋಡೆಯ ಮೇಲೆ ಕೈಯಿಟ್ಟಳು.

“ಆ ಮುಂಜಾನೆ ಒಂದ ಮಾತ ಅಂದಿದ್ರು ಅಣ್ಣಾ. ನಿಮಗ ಹೇಳೂದ ಆಗಿರಲಿಲ್ಲ,” ಎಂದಳು. ಆಮೇಲೆ ಅವನ ದನಿಯನ್ನು ತಂದುಕೊಂಡು, “‘ಒದರಲಿ ಬಿಡ ಮುದುಕ, ಚಾ ಕುಡದ ಬರ್ತೀನಿ,’ ಅಂದಿದ್ರು.”

ತವನಪ್ಪ ಇಟ್ಟಿಗೆ ಇಟ್ಟ. ಗೋಡೆ ಅದನ್ನು ಮೆಲ್ಲನೆ ತೆಗೆದುಕೊಂಡಿತು.

ಈಗ ನ್ಯಾಯಾಲಯಕ್ಕೆ ಸೂರು ಬಂದಿದೆ. ಅಂಬಾಬಾಯಿಯವರು ಛತ್ರಿಯನ್ನು ಮೂಲೆಗಿಟ್ಟಿದ್ದಾರೆ. ಸಂಜೆ ಹೊತ್ತು ಸಾವಂತ್ರೆವ್ವ ಆ ಗೋಡೆಗೆ ಬೆನ್ನು ಕೊಟ್ಟು ಅವರೆಕಾಯಿ ಬಿಡಿಸುತ್ತಾಳೆ. ನಾನು ಎದುರಿಗೆ ಕೂತು ಜಪ ಮಾಡುತ್ತೇನೆ. ಜಪ ಮುಗಿದ ಮೇಲೆ ದಿನವೂ ಕೇಳಿಕೊಳ್ಳುವುದು ಇಷ್ಟು. ಪಾಂಡುರಂಗಾ, ಭಕ್ತ ಎಸೆದ ಇಟ್ಟಿಗೆಯ ಮೇಲೆ ನಿಂತವನು ನೀನು, ಗೌಂಡಿಗಳ ಕಷ್ಟ ನಿನಗೆ ಹೊಸದಲ್ಲ. ನಿನ್ನ ಕಾಲ ಕೆಳಗಿನ ಆ ಇಟ್ಟಿಗೆ ಎಂದಾದರೂ ಅಲುಗಾಡಿದರೆ ನಮ್ಮ ಹೊಳಿಬಸಪ್ಪನನ್ನು ಕರೆ. ಗಾರೆ ದಪ್ಪ ಹಚ್ಚುತ್ತಾನೆ, ಆದರೆ ಅವನು ಕೂಡಿಸಿದ್ದು ಅಲುಗುವುದಿಲ್ಲ. ಅವನ ಚಹಾ ಇಲ್ಲಿಯೇ ಉಳಿಯಿತು. ಅಲ್ಲಿ ಬಿಸಿಯಾಗಿ ಒಂದು ಬಟ್ಟಲು ಕೊಡು. ತೀರ ನಿಶ್ಶಬ್ದವಿದ್ದಲ್ಲಿ ಅವನಿಗೆ ಕೆಲಸ ಸಾಗುವುದಿಲ್ಲ, ಆದ್ದರಿಂದ ನಾನು ಬರುವ ತನಕ ದಿನಕ್ಕೊಮ್ಮೆಯಾದರೂ ಯಾರಾದರೂ ಅವನನ್ನು ಬೈಯುವ ಹಾಗೆ ಮಾಡು. ಮಿಕ್ಕ ಹೊತ್ತೆಲ್ಲ, ತಂದೆಯೇ, ನಿನ್ನ ಪಾದದ ನೆರಳಿನಲ್ಲಿ ಅವನಿಗೆ ಶಾಂತಿ ಕೊಡು.